ಹುಳಿಹಿಟ್ಟು ಮತ್ತು ನನ್ನ ಅತ್ತೆ

ಕಲಸಿಟ್ಟ ಚಪಾತಿ ಹಿಟ್ಟು ಕಣ್ಣಿಗೆ ಬಿದ್ದರೆ ಬೆರಳಿನ ಹಿಂಬದಿಯಿಂದ ಒಮ್ಮೆ ಒತ್ತಿ, ಆ ಕುಳಿ ಮೇಲೆ ಬರುತ್ತದೆಯೋ ಇಲ್ಲವೋ ಎಂದು ನೋಡುವುದು ನನ್ನ ಚಾಳಿ. ನೋಡಿ ಮುಗಿದ ಮೇಲೆ ಬೆರಳನ್ನು ಮೂಸಬೇಕು. ನಮ್ಮ ಮನೆಯಲ್ಲಾದರೆ ಸರಿ, ಹೋದ ವರ್ಷ ನೆಂಟರ ಮದುವೆಯಲ್ಲಿ ಅಡಿಗೆಯವರ ಪರಾತಕ್ಕೂ ಹೀಗೆ ಬೆರಳು ಹಾಕಿದೆ. ಅಡಿಗೆಯವನು ಪರಾತವನ್ನು ಎತ್ತಿ ನನಗೆ ಸಿಗದ ಕಡೆ ಇಟ್ಟ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಇದನ್ನು ನನಗೆ ಕಲಿಸಿದ್ದು ತಾಯಿಯಲ್ಲ. ಬಿಜೂರಿನ ನನ್ನ ತೌರಿನಲ್ಲಿ ಗೋಧಿಯೆಂದರೆ ವರ್ಷಕ್ಕೊಮ್ಮೆ ಪಾಯಸಕ್ಕೆ ಬರುವ ಅತಿಥಿ. ನಾನು ಕಲಿತದ್ದು ಮದುವೆಯಾಗಿ ಸಾಲಿಗ್ರಾಮಕ್ಕೆ ಬಂದ ಮೂರನೆಯ ಬೇಸಿಗೆಯಲ್ಲಿ, ಐದು ದಿನಗಳಲ್ಲಿ. ಆ ಐದು ದಿನ ನಾನು ಸರಿಯಾಗಿ ಉಂಡದ್ದು ನೆನಪಿಲ್ಲ.

ಆಗ ದೊಡ್ಡ ಯುದ್ಧ ಮುಗಿಯುತ್ತ ಬಂದಿತ್ತು. ಅಕ್ಕಿ ಸಾಲದೆ ಕಂಟ್ರೋಲ್ ಅಂಗಡಿಯಲ್ಲಿ ಅಕ್ಕಿಯ ಬದಲಿಗೆ ಗೋಧಿ ಕೊಡುತ್ತಿದ್ದರು. ನಮ್ಮ ಕಡೆಯ ಹೆಂಗಸರಿಗೆ ಅದನ್ನು ಏನು ಮಾಡಬೇಕೆಂದು ತಿಳಿಯದು. ಕೆಲವರು ಗಂಜಿ ಬೇಯಿಸಿದರು, ಕೆಲವರು ಅರೆದು ದೋಸೆ ಎರೆದರು. ಕಾವಲಿಯಿಂದ ಏಳಲಾರದ ಆ ದೋಸೆಯನ್ನು ಕೆರೆದು ತೆಗೆದು ದನಕ್ಕೆ ಹಾಕಿದರೆ ದನವೂ ಮೂಸಿ ನಮ್ಮ ಮುಖ ನೋಡುತ್ತಿತ್ತು. ನಮ್ಮ ಮನೆಯಲ್ಲಿ ಗೋಧಿಯ ಮೂಟೆ ಅಟ್ಟದ ಮೆಟ್ಟಿಲ ಕೆಳಗೆ ಸುಮ್ಮನೆ ಕುಳಿತಿತ್ತು.

ಮನೆಯಲ್ಲಿದ್ದುದು ನಾವು ಮೂವರೇ. ಇವರು, ಅಂದರೆ ನನ್ನ ಗಂಡ, ಕೋಟದ ಕಡೆಯ ಶಾಲೆಯೊಂದರಲ್ಲಿ ಮಾಸ್ತರು. ಇವರ ತಾಯಿ, ನನ್ನ ಅತ್ತೆ, ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ಮತ್ತೆ ಹತ್ತೊಂಬತ್ತು ವರ್ಷದ ನಾನು. ಅತ್ತೆಯ ಅಡಿಗೆಗೆ ಸುತ್ತಲಿನ ನಾಲ್ಕೂರಲ್ಲಿ ಹೆಸರಿತ್ತು, ಅವರ ನಾಲಿಗೆಗೂ ಇತ್ತು. ಮಡಿಯಲ್ಲಿ ಬಲು ಬಿಗಿ. ತಾವು ಕಾಣದ ಒಲೆಯ ಮೇಲೆ ಬೆಂದದ್ದನ್ನು ಬಾಯಿಗೆ ಹಾಕಿದವರಲ್ಲ. ದೇವಸ್ಥಾನದ ಪ್ರಸಾದವೊಂದನ್ನು ಬಿಟ್ಟು ಹೊರಗಿನ ಒಂದು ಅಗುಳೂ ಅವರಿಗೆ ಸೇರದು.

ನನಗೂ ಅವರಿಗೂ ಜಗಳವಿರಲಿಲ್ಲ. ಜಗಳವಾಡಲು ನನಗೆ ಧೈರ್ಯ ಬೇಕಲ್ಲ. ಬಂದ ಹೊಸತರಲ್ಲಿ ನಾನು ದೋಸೆಗೆ ಅರೆದಿಟ್ಟ ಹಿಟ್ಟು ಬೆಳಗಾದರೂ ಅಲುಗದೆ ಮಲಗಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅತ್ತೆ ಮುಚ್ಚಳ ತೆಗೆದು ನೋಡಿ ಹೇಳಿದರು: "ನಿನ್ ಕೈ ತಣ್ಪ್ ಮರಾಯ್ತಿ. ಇನ್ ಹಿಟ್ಟಿನ್ ಬದಿಗ್ ಬಪ್ಪುದ್ ಬ್ಯಾಡ." ಅಂದಿನಿಂದ ನನಗೆ ಅರೆಯುವ ಕೆಲಸ ಮಾತ್ರ, ಉಪ್ಪು ಹಾಕಿ ಕಲಸುವುದು ಅವರೇ. ನನಗೆ ಅವಮಾನಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಉಬ್ಬದಿದ್ದರೆ ಇನ್ನು ನನ್ನ ತಪ್ಪಲ್ಲ.

ಹೀಗಿರುವಾಗ ಅತ್ತೆಗೆ ಜ್ವರ ಬಂತು. ವಿಷಮಶೀತ ಜ್ವರ. ಈಗಿನ ಹಾಗೆ ಅದಕ್ಕೆ ಮಾತ್ರೆಯಿಲ್ಲ, ಕಾಯುವುದೊಂದೇ ಮದ್ದು. ಇಪ್ಪತ್ತೆರಡು ದಿನ ಕಾದೆವು. ಗಟ್ಟಿಮುಟ್ಟಾಗಿದ್ದ ಹೆಂಗಸು ಹಾಸಿಗೆಗೆ ಅಂಟಿಕೊಂಡ ಬಟ್ಟೆಯಂತಾದರು. ಇಪ್ಪತ್ತಮೂರನೆಯ ದಿನ ಮೈ ತಣ್ಣಗಾಯಿತು. ಇವರು ಖುಷಿಯಿಂದ ಕುಂದಾಪುರಕ್ಕೆ ಹೋಗಿ ಡಾಕ್ಟರರನ್ನು ಕರೆದುಕೊಂಡು ಬಂದರು. ಆ ಕಾಲದ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುವಂಥದ್ದು, ಏರು ಬಂದಲ್ಲಿ ಜನ ಇಳಿದು ದೂಡಬೇಕು. ಡಾಕ್ಟರರೂ ದೂಡಿಯೇ ಬಂದಿದ್ದಿರಬೇಕು, ಅಂಗಿಯೆಲ್ಲ ಬೆವರಾಗಿತ್ತು.

ಅವರು ಅತ್ತೆಯ ಹೊಟ್ಟೆ ಮುಟ್ಟಿ ನೋಡಿ, ನಮ್ಮಿಬ್ಬರನ್ನು ಜಗಲಿಗೆ ಕರೆದರು.

"ಜ್ವರ ಬಿಟ್ಟಿತ್ ಅಂದೇಳಿ ಖುಷಿ ಪಡೂದ್ ಬ್ಯಾಡ ಮಾಷ್ಟ್ರೆ. ಕರುಳ್ ಈಗ ಒದ್ದೆ ಕಾಗ್ದದ್ ಹಾಂಗ್ ಇತ್ತ್. ಕುಚ್ಚಕ್ಕಿ ಗಂಜಿ, ಬೇಳೆ, ಸೊಪ್ಪು, ಎಂತದೂ ಕೊಡೂಕಾಗ. ಬರೀ ಹಾಲೇ ಆದ್ರೆ ಅವ್ರಿಗೆ ನಿಲ್ತಿಲ್ಲ, ಶಕ್ತಿಯೂ ಬತ್ತಿಲ್ಲ. ಬ್ರೆಡ್ ಕಾಯ್ಸಿ, ಮೇಲಿನ್ ಸಿಪ್ಪೆ ತೆಗ್ದ್, ಹಾಲಂಗ್ ನೆನ್ಸಿ ಕೊಡಿ. ಹದಿನೈದ್ ದಿನ ಅದೇ."

"ಗೋಧಿ ರೊಟ್ಟಿ ಆತ್ತಾ?" ಎಂದು ನಾನು ಬಾಗಿಲ ಮರೆಯಿಂದ ಕೇಳಿದೆ.

"ಉಬ್ಬದಿದ್ ರೊಟ್ಟಿ ಮಣ್ಣ್ ತಿಂದಾಂಗೆ ಅಮ್ಮ. ಹೊಟ್ಟೆ ನೋವ್ ಶುರುವಾಯ್ತ್ ಅಂದ್ರೆ ಮತ್ತ್ ನನ್ನ ಕರ್ದೂ ಉಪಯೋಗ ಇಲ್ಲ."

ಬ್ರೆಡ್ ಎಂದರೆ ನಮ್ಮ ಮನೆಗಳಲ್ಲಿ ಏನು ಅರ್ಥ ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಪೇಟೆಯ ಬೇಕರಿಯಲ್ಲಿ ಹಿಟ್ಟು ಉಬ್ಬಲು ಶೇಂದಿ ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅತ್ತೆಯ ಅಡಿಗೆಮನೆಯಲ್ಲಿ ಆ ಪದಾರ್ಥದ ಹೆಸರೂ ಎತ್ತುವಂತಿರಲಿಲ್ಲ. ನಾವು ಗಂಡಹೆಂಡಿರು ದನದ ಹಟ್ಟಿಯಲ್ಲಿ ನಿಂತು ಪಿಸುಪಿಸು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಮರುದಿನ ಇವರು ಬ್ರೆಡ್ ತಂದರು, ಅಂಗವಸ್ತ್ರದಲ್ಲಿ ಸುತ್ತಿ, ಪುಸ್ತಕದಂತೆ ಕಂಕುಳಲ್ಲಿ ಇಟ್ಟುಕೊಂಡು. ನಾನು ಅದನ್ನು ಹುಡಿ ಮಾಡಿ ಹಾಲಿನಲ್ಲಿ ಕಲಸಿ, ಅರಳಿನ ಹುಡಿ ಎಂದು ಹೇಳಿ ಅತ್ತೆಯ ಬಾಯಿಗೆ ಒಂದು ಚಮಚ ಇಟ್ಟೆ.

ಅವರು ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಪಕ್ಕದ ತಟ್ಟೆಗೆ ಉಗಿದರು.

"ಇದ್ ಅರ್ಳಲ್ಲ. ಶೇಂದಿ ವಾಸನಿ ಇತ್ತ್."

ಇವರು ಬಾಗಿಲಲ್ಲಿ ತಲೆ ತಗ್ಗಿಸಿದರು. ಅತ್ತೆ ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು.

"ರಘೂ, ನೀನೂ ಸೇರ್ಕಂಡ್ ನಂಗ್ ಸುಳ್ ಹೇಳ್ದೆ ಅಲ್ದಾ? ಇನ್ ನೀವ್ ಕೊಟ್ಟದ್ ಎಂತದೂ ನಂಗ್ ಬ್ಯಾಡ."

ಕೋಪದಲ್ಲಿ ಹೇಳಿದ ಮಾತೆಂದು ನಾವು ತಿಳಿದೆವು. ಆದರೆ ಅತ್ತೆ ಕೋಪದಲ್ಲಿ ಹೇಳಿರಲಿಲ್ಲ. ಅಂದು ಮಧ್ಯಾಹ್ನ ಹಾಲು ಒಯ್ದರೆ ಬಾಯಿ ಬಿಗಿಹಿಡಿದರು. ಸಂಜೆ ಎಳನೀರು ಒಯ್ದೆ, ಮುಖ ಗೋಡೆಗೆ ತಿರುಗಿಸಿದರು. ತುಳಸಿ ನೀರು ಮಾತ್ರ, ಅದೂ ತಂಬಿಗೆಯನ್ನು ಅವರಿಗೆ ಕಿಟಕಿಯಿಂದ ಕಾಣುವ ಹಾಗೆ ಬಾವಿಯಿಂದ ತುಂಬಿಸಿ ತಂದರೆ. ಎರಡು ದಿನ ಹೀಗೆ ಕಳೆಯಿತು. ಕಣ್ಣು ಒಳಗೆ ಹೋಯಿತು, ಮಾತು ತುಟಿಯಲ್ಲೇ ನಿಲ್ಲತೊಡಗಿತು. ಇವರು ಶಾಲೆಗೆ ಹೋಗುವುದನ್ನು ಬಿಟ್ಟು ಹಟ್ಟಿಯಲ್ಲಿ ಕರುವಿನ ಬೆನ್ನು ಸವರುತ್ತ ಕೂರುತ್ತಿದ್ದರು. ಅಳುತ್ತಿದ್ದರು ಎಂದು ನಾನು ಇವತ್ತಿಗೂ ಅವರ ಮುಂದೆ ಹೇಳಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೊಂಬಾಯಿ ಮಾವ ಬಂದರು.

ಬೊಂಬಾಯಿ ಮಾವ ಎಂದರೆ ಅತ್ತೆಯ ಒಬ್ಬನೇ ತಮ್ಮ, ವಾಸುದೇವ. ಮದುವೆಯಾಗಿರಲಿಲ್ಲ. ಬೊಂಬಾಯಿಯ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ ಎಂದು ಎಲ್ಲರೂ ಹೇಳುತ್ತಿದ್ದರು. ಅತ್ತೆ ಹೇಳುವಾಗ ಮಾತ್ರ ಧ್ವನಿ ಸ್ವಲ್ಪ ಏರುತ್ತಿತ್ತು. ಉಪ್ಪುಂದದ ಅವರ ತೌರುಮನೆ ದಾಯಾದಿಗಳ ಪಾಲಾದ ಮೇಲೆ ಮಾವ ವರ್ಷಕ್ಕೊಮ್ಮೆ ಅಕ್ಕನ ಮನೆಗೇ ಬಂದು ತಂದೆಯ ತಿಥಿ ಮಾಡಿ ಹೋಗುತ್ತಿದ್ದರು. ಅಕ್ಕನಿಗೆ ಜ್ವರವೆಂಬ ಕಾಗದ ಕಂಡು ಈ ಸಲ ಮೂರು ವಾರ ಮೊದಲೇ ಹೊರಟಿದ್ದರು. ಒಣಗಿದ ಮೈ, ಮೆಲುಮಾತು, ಮುಂಗೈಯಿಂದ ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಕಲೆ. ಬಿಡಾರದ ಸ್ಟೋವಿನದ್ದು ಎನ್ನುತ್ತಿದ್ದರು. ಒಂದು ಸ್ಟೋವಿಗೆ ಅಷ್ಟು ಕಲೆಯೇ ಎಂದು ನಾನು ಕೇಳಿರಲಿಲ್ಲ.

ಮಾವ ಅಕ್ಕನ ಹತ್ತಿರ ಅರ್ಧ ಗಂಟೆ ಕುಳಿತರು. ಹೊರಗೆ ಬಂದು ನನ್ನಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಬ್ರೆಡ್ಡಿನ ಉಳಿದ ತುಂಡನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ಕೆಳಗಿಟ್ಟರು.

"ಜಲಜ, ಮನೆಯಗೆ ಗೋಧಿ ಇತ್ತಾ?"

"ಇತ್ತ್ ಮಾವ. ತಿಂಬರ್ ಇಲ್ಲ."

"ಬೀಸ್. ನುಣ್ಣಗ್ ಆಯ್ಕ್. ಬಟ್ಟೆಯಂಗ್ ಗಾಳಿಸ್."

ನಾನು ಬೀಸಿದೆ. ಮಾವ ಉಪ್ಪಿನಕಾಯಿಯ ಒಂದು ಸಣ್ಣ ಭರಣಿಯನ್ನು ಬೂದಿ ಹಾಕಿ ತೊಳೆದು ಬಿಸಿಲಿಗಿಟ್ಟರು. ಒಂದು ಹಿಡಿ ಹಿಟ್ಟಿಗೆ ಬಾವಿಯ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಭರಣಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಇರುವೆ ಬಾರದ ಹಾಗೆ ನೀರಿನ ತಟ್ಟೆಯಲ್ಲಿ ನಿಲ್ಲಿಸಿದರು.

"ಉಬ್ಬೂಕ್ ಎಂತ ಹಾಕೂದ್?" ಎಂದೆ.

"ಎಂತದೂ ಬ್ಯಾಡ. ಹಿಟ್ಟ್, ನೀರ್. ದಿನಾ ಅರ್ಧ ತೆಗೂದ್, ಹೊಸ ಹಿಟ್ಟ್ ಕೊಡೂದ್. ಐದ್ ದಿನಕ್ಕೆ ಅದ್ರಷ್ಟಕ್ಕೇ ಜೀವ ಬತ್ತ್. ಬೊಂಬಾಯಲ್ಲಿ ಖಮೀರ ಅಂಬ್ರ್."

"ನಿಮ್ಗ್ ಹ್ಯಾಂಗ್ ಗೊತ್ತ್ ಮಾವ?"

"ಕಂಡಿದೆ" ಎಂದು ಅವರು ಕೈ ತೊಳೆಯಲು ಹೋದರು.

ಐದು ದಿನ. ಒಳಗೆ ಮಲಗಿದವರಿಗೆ ಐದು ದಿನ ಇದೆಯೇ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದಿನ ಅವರನ್ನು ಉಳಿಸಿಕೊಳ್ಳುವ ದಾರಿಯನ್ನೂ ಮಾವನೇ ಹುಡುಕಿದರು. ಅಕ್ಕನಿಗೆ ಬೇಕಾದದ್ದು ಕಣ್ಣೆದುರಿನ ಒಲೆ ತಾನೆ? ದನವನ್ನು ಅವರ ಕೋಣೆಯ ಕಿಟಕಿಯ ಹೊರಗೆ ತಂದು ಕಟ್ಟಿದರು. ನಾನು ಅಲ್ಲಿಯೇ ಹಾಲು ಕರೆದು, ಅದೇ ತಂಬಿಗೆಯನ್ನು ಒಳಗೆ ತಂದು, ಅವರ ಹಾಸಿಗೆಯ ಪಕ್ಕ ಇದ್ದಿಲ ಒಲೆಯ ಮೇಲೆ ಕಾಯಿಸಿದೆ. ಅತ್ತೆ ತಲೆ ತಿರುಗಿಸಿ ಎಲ್ಲವನ್ನೂ ನೋಡಿದರು. ಆಮೇಲೆ ಬಾಯಿ ತೆರೆದರು. ಮಗುವಿಗೆ ಕುಡಿಸುವ ಒಳಲೆಯಲ್ಲಿ ಅರ್ಧ. ಅದರಲ್ಲಿ ಎಷ್ಟೋ ಸಲ ಅರ್ಧ ವಾಂತಿಯಾಗುತ್ತಿತ್ತು.

ಮೊದಲ ದಿನ ಭರಣಿಯಲ್ಲಿ ಏನೂ ಇಲ್ಲ. ಎರಡನೆಯ ದಿನ ಬಟ್ಟೆ ಬಿಚ್ಚಿದರೆ ಹಿಟ್ಟು ಗುಳ್ಳೆಗುಳ್ಳೆಯಾಗಿ ಮೇಲೆದ್ದಿತ್ತು. ನಾನು ಮಾವನನ್ನು ಕೂಗಿ ಕರೆದೆ. ನನ್ನ ತಣ್ಣನೆಯ ಕೈಯಲ್ಲಿ ಬೀಸಿದ ಹಿಟ್ಟು ಉಬ್ಬಿತ್ತಲ್ಲ. ಮಾವ ಮೂಸಿ ತಲೆಯಾಡಿಸಿದರು.

"ಇದ್ ಸುಳ್ ಉಬ್ಬು. ಕೊಳ್ತ್ ವಾಸನಿ ಕಾಣ್. ನಂಬೂಕಾಗ."

ಹೌದು, ನೆನೆಹಾಕಿ ಮರೆತ ಬಟ್ಟೆಯ ವಾಸನೆ. ಮೂರನೆಯ ದಿನ ಅದೂ ಇಲ್ಲ. ಹಿಟ್ಟು ನೀರು ಬಿಟ್ಟುಕೊಂಡು ಸತ್ತಂತೆ ಮಲಗಿತ್ತು. ಮಾವ ಅರ್ಧವನ್ನು ತೆಗೆದು "ದನಕ್ ಹಾಕ್" ಎಂದು ನನ್ನ ಕೈಗೆ ಕೊಟ್ಟು, ಉಳಿದದ್ದಕ್ಕೆ ಹೊಸ ಹಿಟ್ಟು ಸೇರಿಸಿದರು. ನನಗೆ ದನಕ್ಕೆ ಹಾಕಲು ಮನಸ್ಸಾಗಲಿಲ್ಲ. ಬೀಸಿ ಬೀಸಿ ನನ್ನ ಅಂಗೈಗೆ ಬೊಬ್ಬೆ ಬಂದಿತ್ತು. ಆ ಮುದ್ದೆಯನ್ನು ಒಂದು ತೆಂಗಿನ ಕರಟಕ್ಕೆ ಹಾಕಿ, ಗಾಳಿಸಿ ಉಳಿದ ತೌಡನ್ನೂ ಅದಕ್ಕೆ ಕಲಸಿ, ಅಡಿಗೆಮನೆಯ ಮೂಲೆಯ ನೆಲಹಿನಲ್ಲಿ ತೂಗುಬಿಟ್ಟೆ. ಗುಟ್ಟಾಗಿ ಒಂದು ದೋಸೆ ಮಾಡಿ ತಿನ್ನುವ ಆಸೆ. ಮನೆಯಲ್ಲಿ ಒಬ್ಬರು ಸಾವಿನ ಬಾಗಿಲಲ್ಲಿರುವಾಗ ನನಗೆ ದೋಸೆಯ ಯೋಚನೆ. ಏನು ಹೇಳಲಿ, ಹತ್ತೊಂಬತ್ತು ವರ್ಷ ಪ್ರಾಯ, ಹಸಿವು.

ನಾಲ್ಕನೆಯ ದಿನ ಅತ್ತೆ ಹಾಲನ್ನೂ ನುಂಗಲಾರದೆ ಹೋದರು. ಕಟಬಾಯಿಯಿಂದ ಇಳಿಯಿತು. ಇವರು ತಾಯಿಯ ಕೈ ಹಿಡಿದು ಕುಳಿತರು. ಮಾವ ಪೇಟೆಗೆ ಗ್ಲೂಕೋಸ್ ತರಲು ಹೋಗಿದ್ದರು. ನಾನು ಭರಣಿಯನ್ನು ನೋಡಿದೆ. ಅಂಚಿನಲ್ಲಿ ಎರಡು ಮೂರು ಸಣ್ಣ ಗುಳ್ಳೆ, ಅಷ್ಟೇ. ಇದಕ್ಕೆ ಬಿಸಿ ಸಾಲದು ಎಂದು ನನ್ನ ಬುದ್ಧಿಗೆ ತೋರಿತು. ಒಯ್ದು ಬಚ್ಚಲಿನ ಒಲೆಯ ದಂಡೆಯ ಮೇಲೆ ಇಟ್ಟೆ. ಅತ್ತೆಯ ಬಟ್ಟೆ ಬದಲಿಸಿ, ಮೈ ಒರೆಸಿ, ಅವರು ಕಣ್ಣು ತೆರೆಯುವವರೆಗೆ ಕಾದು ವಾಪಸು ಬರುವಾಗ ಎಷ್ಟು ಹೊತ್ತಾಗಿತ್ತೋ. ಭರಣಿಯನ್ನು ಮುಟ್ಟಿದರೆ ಕೈ ಚುರುಕ್ಕೆಂದಿತು. ಒಳಗೆ ಹಿಟ್ಟು ಬೆಂದು ಅಂಟಾಗಿತ್ತು.

ಅಲ್ಲಿಯೇ ಕುಳಿತೆ. ಮಾವ ಬಂದಾಗ ಭರಣಿಯನ್ನು ಮುಂದೆ ಹಿಡಿದೆ. ಅವರು ಬೆರಳು ಹಾಕಿ ನೋಡಿದರು. ಬಯ್ಯಲಿಲ್ಲ. ಗೋಡೆಗೆ ಒರಗಿ, "ಇನ್ ಐದ್ ದಿನ ಅಕ್ಕ ಇಪ್ಪುದಿಲ್ಲ ಮಗಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಗ ನನಗೆ ಕರಟದ ನೆನಪಾಯಿತು. ನೆಪ ಹೇಳುವಷ್ಟೂ ಧೈರ್ಯವಿಲ್ಲದೆ ಮಾವನನ್ನು ಅಡಿಗೆಮನೆಗೆ ಕರೆದು ನೆಲಹನ್ನು ತೋರಿಸಿದೆ. ಅವರು ಕರಟವನ್ನು ಇಳಿಸಿದರು. ಹಿಟ್ಟು ಅಂಚು ಮೀರಿ ಹೊರಗೆ ಬಾಗಿತ್ತು. ಮಾವ ಬೆರಳಿನ ಹಿಂಬದಿಯಿಂದ ಒತ್ತಿದರು. ಕುಳಿ ಬಿತ್ತು, ನಿಧಾನವಾಗಿ ಮೇಲೆ ಬಂತು. ಮೂಸಿದರು. ನನ್ನ ಮೂಗಿಗೂ ಹಿಡಿದರು. ಕೊಳೆತ ವಾಸನೆಯಲ್ಲ. ಹುಳಿ ಮಜ್ಜಿಗೆಗೆ ಬಾಳೆಹಣ್ಣು ಕಿವುಚಿದ ಹಾಗೆ ಒಂದು ವಾಸನೆ.

"ದನಕ್ ಹಾಕ್ ಅಂದಿದ್ದೆ ನಾ" ಎಂದರು.

"ದೋಸೆ ಮಾಡ್ವ ಅಂದೇಳಿ..."

ಮಾವ ನಕ್ಕರೋ ಅತ್ತರೋ ತಿಳಿಯಲಿಲ್ಲ, ಮುಖ ಆಚೆ ತಿರುಗಿಸಿಕೊಂಡರು. "ತೌಡಿಗೇ ಬೇಗ ಜೀವ ಬಂದಿತ್. ಇದ್ಕ್ ಈಗ್ಲೇ ಹಿಟ್ಟ್ ಕೊಡ್. ಮತ್ತ್ ಸಂಜೆಗೊಂದ್ ಸಲ. ಒಲೆ ಬದಿಗ್ ಮಾತ್ರ ಬ್ಯಾಡ."

ಐದನೆಯ ದಿನ ಬೆಳಿಗ್ಗೆ, ತೊಳೆದ ಭರಣಿಗೆ ಬದಲಿಸಿದ್ದ ಆ ಹಿಟ್ಟು ಎರಡು ಪಟ್ಟಾಗಿ ನಿಂತಿತ್ತು. ಮಾವ ಮಿಂದು, ಒದ್ದೆ ಪಂಚೆ ಉಟ್ಟು, ಅಕ್ಕನ ಕೋಣೆಯ ಬಾಗಿಲಲ್ಲಿ, ಅವರ ಕಣ್ಣಿಗೆ ಬೀಳುವ ಹಾಗೆ ಮರದ ಹಲಗೆ ಇಟ್ಟುಕೊಂಡು ಕುಳಿತರು. ನಾನು ಹಿಟ್ಟು, ನೀರು, ಉಪ್ಪು, ಭರಣಿ ಎಲ್ಲವನ್ನೂ ಒಂದೊಂದಾಗಿ ಅತ್ತೆಗೆ ತೋರಿಸಿ ಕೆಳಗಿಟ್ಟೆ. ಭರಣಿಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಮೂಸಿದರು, ಮುಖ ತಿರುಗಿಸಲಿಲ್ಲ.

ಮಾವ ಕಲಸತೊಡಗಿದರು. ಅದನ್ನು ಕಲಸುವುದು ಎನ್ನಬಾರದು. ಅಂಗೈಯ ಬುಡದಿಂದ ದೂಡಿ, ಮಡಚಿ, ತಿರುಗಿಸಿ, ಮತ್ತೆ ದೂಡಿ, ಹಲಗೆಗೆ ಒಮ್ಮೆ ಅಪ್ಪಳಿಸಿ, ನೋಡುವಷ್ಟರಲ್ಲಿ ಅಂಟಾಗಿದ್ದ ಮುದ್ದೆ ಮಗುವಿನ ಕೆನ್ನೆಯಂತಾಯಿತು. ಅವರ ಮೈಯೇ ಬದಲಾಗಿತ್ತು. ಮೆಲುಮಾತಿನ ಆ ಮನುಷ್ಯನ ಹೆಗಲು, ಬೆನ್ನು, ತೋಳು ಎಲ್ಲ ಒಂದೇ ಲಯದಲ್ಲಿ ಹೋಗಿ ಬರುತ್ತಿದ್ದವು. ನಾನು ಬಾಯಿಬಿಟ್ಟು ನೋಡಿದೆ. ಹಾಸಿಗೆಯಲ್ಲಿ ಅತ್ತೆಯೂ ನೋಡುತ್ತಿದ್ದರು.

"ವಾಸೂ."

ಎರಡು ದಿನಗಳಲ್ಲಿ ಅವರ ಗಂಟಲಿನಿಂದ ಹೊರಟ ಮೊದಲ ಮಾತು. ಮಾವನ ಕೈ ನಿಂತಿತು.

"ಇದ್ ಪೆನ್ನ್ ಹಿಡ್ದ್ ಕೈ ಅಲ್ಲ."

ಇವರು ಏನೋ ಹೇಳಲು ಬಾಯಿ ತೆರೆದರು. ಮಾವ ಬೇಡವೆಂದು ಸನ್ನೆ ಮಾಡಿದರು. ಅಲ್ಲೊಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ಯಾರದೋ ಹತ್ತಿರ ಎರಡು ದಿನ ಕಲಿತೆ ಎಂದರೆ ಸಾಕಿತ್ತು. ಆದರೆ ಒಂದು ಸುಳ್ಳು ಈ ಕೋಣೆಯಲ್ಲಿ ಏನು ಮಾಡಿತ್ತೆಂದು ಅವರಿಗೆ ಗೊತ್ತಿತ್ತು.

"ಅಲ್ಲ ಅಕ್ಕ" ಎಂದರು. "ವಕೀಲ್ರ ಕೆಲ್ಸ ಮೂರೇ ತಿಂಗ್ಳಿಗ್ ಹೋಯ್ತ್. ಅದ್ರ್ ಮೇಲೆ ಬೇಕರಿಯಂಗ್ ಇದ್ದೆ. ಹದ್ನೆಂಟ್ ವರ್ಷಾಯ್ತ್."

"ಎಲ್ಲ ಜಾತಿಯರ್ ಒಟ್ಟಿಗಾ?"

"ಎಲ್ಲರ್ ಒಟ್ಟಿಗೆ. ಅವ್ರೊಟ್ಟಿಗೇ ಉಂಬುದ್, ಹಿಟ್ಟಿನ್ ಮೂಟಿ ಮೇಲೇ ಮನ್ಗೂದ್."

"ಇದೇ ಕೈಯಗೆ ಅಪ್ಪಯ್ಯಂಗ್ ಪಿಂಡ ಇಟ್ಯಾ?"

"ಹೌದ್."

ಮಾವ ಹಿಟ್ಟನ್ನು ಬಟ್ಟಲಲ್ಲಿಟ್ಟು ಬಟ್ಟೆ ಮುಚ್ಚಿದರು. "ಇದ್ರಂಗ್ ಮಾತ್ರ ಎಂತದೂ ಇಲ್ಲ ಅಕ್ಕ. ನೀನೇ ಕಂಡೆ. ಹಿಟ್ಟ್, ನೀರ್, ಉಪ್ಪ್" ಎಂದರು. ಅತ್ತೆ ಮುಖ ಗೋಡೆಗೆ ತಿರುಗಿಸಿದರು.

ಹಿಟ್ಟು ಉಬ್ಬಲು ನಾಲ್ಕು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಮಾವ ಎದ್ದು ಹೋಗಲಿಲ್ಲ, ಬಾಗಿಲಲ್ಲೇ ಕುಳಿತಿದ್ದರು. ಸಮಯವಾದಾಗ ಅಲ್ಲಿಯೇ ಇದ್ದಿಲ ಒಲೆ ಹೊತ್ತಿಸಿ, ದಪ್ಪ ತಳದ ತಪ್ಪಲೆಯಲ್ಲಿ ಮರಳು ಹಾಕಿ ಕಾಯಿಸಿ, ಹಿಟ್ಟನ್ನು ಒಳಗಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದರು. ಬೇಯುವ ವಾಸನೆ ಕೋಣೆಗೆ ತುಂಬಿತು. ಅಂಥ ವಾಸನೆಯನ್ನು ಆ ಮನೆ ಕಂಡಿರಲಿಲ್ಲ. ಮಾವ ಮಾತ್ರ ಅದನ್ನು ಗಮನಿಸುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

ಗೋಡೆಯ ಕಡೆಯಿಂದ ಅತ್ತೆ ಕೇಳಿದರು: "ಶುರುವಿಗೆ ಹಸ್ಕಂಡ್ ಇದ್ದಿದ್ಯಾ?"

"ಇದ್ದಿದೆ" ಎಂದರು ಮಾವ.

"ನಂಗ್ ಒಂದ್ ಕಾಗ್ದ ಬರೂಕಾಗ್ಲಿಲ್ಲ ಅಲ್ದಾ."

"ಎಂತ ಅಂದೇಳಿ ಬರೂದ್ ಅಕ್ಕ?"

ಆಮೇಲೆ ಅತ್ತೆಯ ತಲೆ ಈ ಕಡೆ ತಿರುಗಿತು. ಅಡಿಗೆಮನೆಯಲ್ಲಿ ನನ್ನನ್ನು ಗದರಿಸುವಾಗಿನ ಧ್ವನಿ, ನೂಲಿನಷ್ಟು ಸಣ್ಣಗಾಗಿದ್ದರೂ ಅದೇ.

"ಅಡಿ ಹಿಡಿತಾ ಇತ್ತ್ ಕಾಣ್. ಕೆಂಡ ತೆಗಿ."

ಮಾವ ಗಡಬಡಿಸಿ ಕೆಂಡ ಎಳೆದರು. ಬ್ರೆಡ್ಡಿನ ಅಡಿ ನಿಜವಾಗಿಯೂ ಕಪ್ಪಾಗಿತ್ತು. ಹದಿನೆಂಟು ವರ್ಷದ ಕೈಗೆ ಅಂದು ಅದು ತಿಳಿದಿರಲಿಲ್ಲ. ಆರಿದ ಮೇಲೆ ಕೊಯ್ದರು. ಪೇಟೆಯ ಬ್ರೆಡ್ಡಿನಷ್ಟು ಎತ್ತರವಿಲ್ಲ, ಬಣ್ಣ ಕಂದು, ಒಳಗೆ ಮಾತ್ರ ಜೇನುಗೂಡು. ತೆಳುವಾದ ತುಂಡನ್ನು ಕೆಂಡದ ಮೇಲೆ ಒಣಗಿಸಿ, ಅಂಚು ತೆಗೆದು, ಕಾಯುತ್ತಿದ್ದ ಹಾಲಿನಲ್ಲಿ ಅದ್ದಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ತಾವು ಕೊಡಬಾರದೆಂದು ಅವರೇ ತೀರ್ಮಾನಿಸಿದ್ದರು. ಅತ್ತೆ ನನ್ನ ಕೈಯಿಂದ ಮೂರು ಚಮಚ ತಿಂದರು. ಪ್ರತಿಯೊಂದನ್ನೂ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು.

ಆಮೇಲೆ ಕಾಯುವ ಸರದಿ. ಹೊಟ್ಟೆ ನೋವು ಶುರುವಾದರೆ ಮುಗಿಯಿತು ಎಂದಿದ್ದರು ಡಾಕ್ಟರರು. ಅತ್ತೆ ಕಾಲು ಮಡಚಿದರೆ ನಾನು ಹಾಸಿಗೆಯ ಹತ್ತಿರ ಓಡುತ್ತಿದ್ದೆ, ಹುಬ್ಬು ಗಂಟಿಕ್ಕಿದರೆ ಇವರು ಎದ್ದು ನಿಲ್ಲುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತು. ನರಳದ ನಿದ್ದೆ. ಬೆಳಿಗ್ಗೆ ಕಣ್ಣು ತೆರೆದು ನನ್ನನ್ನು ಕೇಳಿದರು: "ಹಿಟ್ಟಿಗ್ ಹಿಟ್ಟ್ ಕೊಟ್ಯಾ?"

ಹದಿನೈದು ದಿನ ಆ ಭರಣಿ ನಮ್ಮ ಮನೆಯ ಕೂಸಾಯಿತು. ದಿನಕ್ಕೆರಡು ಸಲ ಅದಕ್ಕೆ ಉಣಿಸುವ ಕೆಲಸ ನನ್ನದು, ಕಲಸಿ ಬೇಯಿಸುವುದು ಮಾವನದು, ತಪ್ಪು ಹುಡುಕುವುದು ಅತ್ತೆಯದು. ಅತ್ತೆಗೆ ಬಲ ಬಂದಂತೆ ತಪ್ಪುಗಳೂ ಹೆಚ್ಚಿದವು. ಆದರೆ ತಮ್ಮನೊಡನೆ ನೇರವಾಗಿ ಒಂದು ಮಾತಿಲ್ಲ. "ಅವಂಗ್ ಹೇಳ್, ಇವತ್ ಹುಳಿ ಜಾಸ್ತಿ" ಎಂದು ನನ್ನ ಮುಖಾಂತರ. ಮಾವ ನಾಲ್ಕು ಹೆಜ್ಜೆ ದೂರದಲ್ಲೇ ಇರುತ್ತಿದ್ದರು. ಯಾರೂ ಹೇಳದೆ ತಮ್ಮ ಊಟದ ಎಲೆಯನ್ನು ಅವರೇ ಜಗಲಿಗೆ ಒಯ್ದುಕೊಂಡಿದ್ದರು. ಅತ್ತೆ ಅದನ್ನು ಕಂಡೂ ಒಳಗೆ ಕರೆಯಲಿಲ್ಲ. ಬಡಿಸುವ ನನಗೆ ಒಳಗಿನಿಂದ ಜಗಲಿಗೆ ಹೋಗುವ ಆ ಹತ್ತು ಹೆಜ್ಜೆ ಬಹಳ ದೂರವೆನಿಸುತ್ತಿತ್ತು.

ಡಾಕ್ಟರರು ಬಂದು ಅನ್ನಕ್ಕೆ ಅಪ್ಪಣೆ ಕೊಟ್ಟರು. ಅದಾಗಿ ಮೂರು ದಿನಕ್ಕೆ ಅಜ್ಜಯ್ಯನ, ಎಂದರೆ ಅತ್ತೆಯ ತಂದೆಯ, ತಿಥಿ ಬಂತು. ಅತ್ತೆಗೆ ಇನ್ನೂ ಕೂರುವಷ್ಟೇ ಶಕ್ತಿ. ಅಡಿಗೆಮನೆಯ ಕಂಬಕ್ಕೆ ಒರಗಿಸಿ ಕೂರಿಸಿದ್ದೆವು, ಅವರು ಹೇಳಿದಂತೆ ನಾನು ಅಡಿಗೆ ಮಾಡುತ್ತಿದ್ದೆ. ಭಟ್ಟರು ಬಂದು ಜಗಲಿಯಲ್ಲಿ ದರ್ಭೆ ಬಿಡಿಸತೊಡಗಿದರು. ಮಾವ ಒಳಗೆ ಬಂದು ಅಡಿಗೆಮನೆಯ ಹೊಸ್ತಿಲಿನಾಚೆ ನಿಂತರು. ಹೆಗಲ ಮೇಲೆ ಹಾಸಿಗೆ ಸುತ್ತಿದ ಹೋಲ್ಡಾಲು.

"ಜಲಜ, ಅಕ್ಕಂಗ್ ಹೇಳ್. ಈ ಸಲ ರಘು ಮಾಡ್ಲಿ. ಮಗಳ್ ಮಗ ಮಾಡ್ರೂ ಸಲ್ತ್ ಅಂಬ್ರ್. ನಾ ಹತ್ ಗಂಟಿ ಬಸ್ಸಿಗ್ ಹೋತೆ."

ನಾನು ಅತ್ತೆಯ ಮುಖ ನೋಡಿದೆ. ಅವರು ಎದುರಿಗಿದ್ದ ಎಳ್ಳಿನ ತಟ್ಟೆಯಿಂದ ಒಂದು ಕಲ್ಲನ್ನು ಆರಿಸಿ ಆಚೆ ಹಾಕಿದರು. ಇನ್ನೊಂದು ಆರಿಸಿದರು. ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು, ತಿರುವಲು ನನಗೆ ಕೈ ಬರಲಿಲ್ಲ.

"ವಾಸೂ" ಎಂದರು ಅತ್ತೆ. ನನ್ನ ಮುಖಾಂತರವಲ್ಲ. "ಅಪ್ಪಯ್ಯಂಗೆ ಮಗ ಅಂದೇಳಿ ಇಪ್ಪುದ್ ನೀ ಒಬ್ನೇ."

"ಭಟ್ರ್ ಕೇಂಡ್ರೆ?"

"ಕೇಂಡ್ರೆ ನಾ ಹೇಳ್ತೆ. ಹದಿನೈದ್ ದಿನ ನಾನೂ ತಿಂದಿದೆ ಅಲ್ದಾ? ಪ್ರಾಯಶ್ಚಿತ್ತ ಅಂದೇಳಿ ಇದ್ರೆ ಇಬ್ರಿಗೂ ಸೇರ್ಸಿ ಹೇಳ್ಲಿ. ಹೋಯಿ ಮಿಂದ್ಕಂಡ್ ಬಾ. ಹೊತ್ತಾಯ್ತ್."

ಮಾವ ಹೋಲ್ಡಾಲನ್ನು ಇಳಿಸಿದರು. ಬಾವಿಕಟ್ಟೆಗೆ ಹೋದರು. ಕೊಡ ಇಳಿಯುವ ಸದ್ದು ಕೇಳಿಸಿತು. ಮೇಲೆ ಬರುವ ಸದ್ದು ಬಹಳ ಹೊತ್ತಿನವರೆಗೆ ಕೇಳಿಸಲಿಲ್ಲ. ಭಟ್ಟರು ಜಗಲಿಯಿಂದ ಬಗ್ಗಿ ನೋಡಿ, "ಎಂತ ಅಮ್ಮ, ಇನ್ನೂ ತಡ ಆತ್ತಾ?" ಎಂದರು.

"ಇಲ್ಲ" ಎಂದರು ಅತ್ತೆ, ಎಳ್ಳಿನ ತಟ್ಟೆಯನ್ನು ನನ್ನ ಕೈಗೆ ಕೊಡುತ್ತ. "ಕೂಕಣಿ ಭಟ್ರೆ. ವಾಸು ಬತ್ತ."